ಐದನೇ ಸೆಟ್ಟಿನ ಕತ್ತಲು

ಆರು ಗಂಟೆ ನಲವತ್ತೊಂದು ನಿಮಿಷಕ್ಕೆ ನೈಋತ್ಯ ಆಕಾಶದಲ್ಲಿ ಒಂದು ನಕ್ಷತ್ರ ಸತ್ತಿದೆಯೆಂದು ಫೋನು ವರದಿ ಮಾಡಿದಾಗ ಡಾಕ್ಟರ್ ವಿನುತಾ ಮಿರ್ಚಿ ಕರಿಯುತ್ತಿದ್ದಳು. ಬಾಣಲೆಯಲ್ಲಿ ಒಂಬತ್ತಿದ್ದವು, ಮೊರದಲ್ಲಿ ಹಿಟ್ಟಿಗಾಗಿ ಕಾದಿದ್ದ ಮೆಣಸಿನಕಾಯಿ ಇನ್ನೂ ಅರವತ್ತು. ಕಲ್ಲುಮರಡಿಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಯ ಫೈನಲ್ ದಿನ ರೆಫರಿಗಳಿಗೆ, ಸ್ಕೋರರುಗಳಿಗೆ, ವೇದಿಕೆ ಮೇಲಿನ ಗಣ್ಯರಿಗೆ ಮಂಡಕ್ಕಿ ಮಿರ್ಚಿ ಹೋಗಬೇಕಾದದ್ದು ಕಾರ್ಯದರ್ಶಿಯ ಮನೆಯಿಂದ. ಕಾರ್ಯದರ್ಶಿ ಅವಳ ಗಂಡ, ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಮರುಳಸಿದ್ದೇಶ. ಹನ್ನೊಂದು ವರ್ಷಗಳಿಂದ ಈ ಪದ್ಧತಿ ನಡೆದುಬಂದಿತ್ತು. ಖಗೋಳವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವರಿಗೆ ಇದರಿಂದ ವಿನಾಯಿತಿ ಉಂಟೆಂದು ಯಾರೂ ಎಲ್ಲಿಯೂ ಹೇಳಿರಲಿಲ್ಲ.

ಫೋನಿನ ಆ ಸದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ಶಾಂತವೀರಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆಯೇ ಕೇಳಿದರು.

“ಮತ್ಯಾರವ್ವ ಹೋಗಿದ್ದು?”

“ನಕ್ಷತ್ರ ಅತ್ತೆ. ದೊಡ್ಡದು.”

“ಯಾವ ದಿಕ್ಕಿಗೆ?”

“ನೈಋತ್ಯ.”

“ನಮ್ಮ ಕಡೆಯೋರಲ್ಲ ಬಿಡು. ಇವನ್ನ ತಿರುವಿ ಹಾಕು, ಸೀಯ್ತಾವೆ.”

ವಿನುತಾ ತಿರುವಿ ಹಾಕಿದಳು. ಆಮೇಲೆ ಜಾಲರಿ ಸೌಟನ್ನು ಅತ್ತೆಯ ಕೈಗೆ ಕೊಟ್ಟು, ಮೊಳೆಗೆ ಸಿಕ್ಕಿಸಿದ್ದ ಸ್ಕೂಟರಿನ ಕೀಲಿ ಎಳೆದುಕೊಂಡು ಹೊರಟಳು. ಅತ್ತೆ ಹಿಂದಿನಿಂದ ಏನೋ ಅಂದರು. ಸ್ಕೂಟರಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ.

ಇಂಥ ಸಾವಿನ ಕ್ರಮ ಹೀಗೆ. ಸೂರ್ಯನ ಹತ್ತಾರು ಪಟ್ಟು ತೂಕದ ನಕ್ಷತ್ರವೊಂದು ಉರಿಸಲು ಏನೂ ಉಳಿಯದೆ ತನ್ನೊಳಕ್ಕೆ ತಾನೇ ಕುಸಿಯುತ್ತದೆ. ಕುಸಿಯುವಾಗ ಎರಡು ಕಡೆಗೆ ಎರಡು ಧಾರೆ ಚಿಮ್ಮುತ್ತವೆ. ಒಂದು ಧಾರೆಯ ಮುಖ ನಮ್ಮ ಕಡೆಗಿದ್ದರೆ, ಮೇಲೆ ಸುತ್ತುವ ಉಪಗ್ರಹಗಳಿಗೆ ಕೆಲವು ಸೆಕೆಂಡುಗಳ ಗಾಮಾ ಕಿರಣಗಳ ಸಿಡಿತ ತಾಗುತ್ತದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಆಮೇಲೆ ಧಾರೆ ಸುತ್ತಲಿನ ಅನಿಲಕ್ಕೆ ಬಡಿದು ಒಂದು ಬೆಳಕು ಹೊತ್ತಿಕೊಳ್ಳುತ್ತದೆ. ಇದು ಹಿಂಬೆಳಕು, ದೂರದರ್ಶಕಕ್ಕೆ ಸಿಗುವುದು ಇದೊಂದೇ. ಇದರ ಗುಣ ಬಹಳ ಕೆಟ್ಟದ್ದು. ಸಿಡಿದು ಹತ್ತು ನಿಮಿಷಕ್ಕೆ ಎಷ್ಟಿತ್ತೋ ಇಪ್ಪತ್ತಕ್ಕೆ ಅದರರ್ಧ, ನಲವತ್ತಕ್ಕೆ ಕಾಲು, ಎಂಬತ್ತಕ್ಕೆ ಅರೆಕಾಲು. ಉಳಿದಿರುವಷ್ಟರಲ್ಲೇ ಅದನ್ನು ಹಿಡಿದು, ಬಣ್ಣ ಬಣ್ಣವಾಗಿ ಬಿಡಿಸಿ, ಆ ಪಟ್ಟೆಯಲ್ಲಿ ಬಿದ್ದಿರುವ ಕಪ್ಪು ಗೆರೆಗಳನ್ನು ಅಳೆದರೆ ಆ ನಕ್ಷತ್ರ ಎಷ್ಟು ದೂರದಲ್ಲಿ ಸತ್ತಿತು, ಯಾವ ಕಾಲದಲ್ಲಿ ಸತ್ತಿತು ಎಂಬುದು ತಿಳಿಯುತ್ತದೆ. ಅಳೆಯದಿದ್ದರೆ ಎಲ್ಲೋ ಯಾರೋ ಸತ್ತರು ಎಂಬಷ್ಟೇ ಉಳಿಯುತ್ತದೆ. ವಿನುತಾ ಕೆಲಸ ಮಾಡುವ, ಊರಾಚೆಯ ಗೂಬೆಗುಡ್ಡದ ದೂರದರ್ಶಕ ಹೋದ ಒಂಬತ್ತು ವರ್ಷಗಳಲ್ಲಿ ಹದಿನಾರು ಹಿಂಬೆಳಕುಗಳನ್ನು ಬೆನ್ನಟ್ಟಿತ್ತು. ಅಳೆದದ್ದು ಒಂದನ್ನೂ ಇಲ್ಲ.

ನಿಯಂತ್ರಣ ಕೊಠಡಿಯಲ್ಲಿ ಖಲಂದರ್ ಸಾಬರು ಆಗಲೇ ದೂರದರ್ಶಕವನ್ನು ತಿರುಗಿಸಿ ಕೂತಿದ್ದರು. ಇಪ್ಪತ್ತೆಂಟು ವರ್ಷ ಅದನ್ನು ನಡೆಸಿದ ಮನುಷ್ಯ, ಮಾತು ಕಡಿಮೆ. ಏಳು ಗಂಟೆ ಐದು ನಿಮಿಷಕ್ಕೆ ತೆಗೆದ ಮೊದಲ ಚಿತ್ರವನ್ನು ಅವರು ಬೆರಳಿನಿಂದ ತೋರಿಸಿದರು. ಹಳೆಯ ನಕಾಶೆಯಲ್ಲಿ ಏನೂ ಇಲ್ಲದ ಜಾಗದಲ್ಲಿ ಒಂದು ಚುಕ್ಕೆ.

“ಚೆನ್ನಾಗೈತೆ ಮೇಡಂ,” ಎಂದರು. ಅವರ ಬಾಯಲ್ಲಿ ಇದು ಭಾಷಣಕ್ಕೆ ಸಮ.

ವಿನುತಾ ಪಶ್ಚಿಮದ ದೊಡ್ಡ ವೀಕ್ಷಣಾಲಯಗಳ ಸ್ಥಿತಿ ನೋಡಿದಳು. ಒಂದು ಕಡೆ ಮೋಡ, ಇನ್ನೊಂದು ಕಡೆ ಬಿರುಗಾಳಿ, ಮೂರನೆಯದು ದುರಸ್ತಿಯಲ್ಲಿ. ಅಂದರೆ ಈ ರಾತ್ರಿ ಭೂಮಿಯ ಮೇಲೆ ಈ ಚುಕ್ಕೆಗೆ ದಿಕ್ಕು ಅಂತ ಇದ್ದವರು ಅವಳು, ಖಲಂದರ್ ಸಾಬರು ಮತ್ತು ಕಲ್ಲುಮರಡಿ ಪಟ್ಟಣ. ಚುಕ್ಕೆ ಇದ್ದದ್ದು ಸರಿಯಾಗಿ ಊರಿನ ನೆತ್ತಿಯ ಮೇಲೆ, ಊರಿನ ದೀಪಗಳು ಆಕಾಶಕ್ಕೆ ಬಳಿದಿದ್ದ ಹಳದಿ ಮಂಜಿನೊಳಗೆ.

“ಎಲ್ಲಿತನಕ ಸಮಯ ಇದೆ ಸಾಬ್ರೇ?”

“ಇಪ್ಪತ್ತು ನಿಮಿಷ ಕ್ಯಾಮೆರಾ ಬಾಯಿ ತೆರೆದು ಕೂರಬೇಕು. ಎಂಟೂ ಐದಕ್ಕೆ ಶುರು ಮಾಡಿದರೆ ಉಂಟು. ಆಮೇಲೆ ಗೆರೆ ಹುಟ್ಟಲ್ಲ. ಕತ್ತಲಾದರೆ ಈ ಲೆಕ್ಕ. ಈ ಬೆಳಕಲ್ಲಿ ಈಗಲೂ ಇಲ್ಲ.”

ಕತ್ತಲು ಸಿಗುವುದಕ್ಕೆ ಒಂದು ಕಾಯ್ದೆ ಇತ್ತು. ಬೀದಿ, ಅಂಗಡಿ, ಮನೆಗಳ ದೀಪವೆಲ್ಲ ಒಂದೇ ಜಾಲಕ್ಕೆ ಸೇರಿದ ಮೇಲೆ, ಆರು ವರ್ಷದ ಹಿಂದೆ, ವೀಕ್ಷಣಾಲಯಗಳಿಗೆ ವರ್ಷಕ್ಕೆ ಮೂರು ಸಲ ಒಂದೊಂದು ಗಂಟೆಯ ಕತ್ತಲು ಕೇಳುವ ಹಕ್ಕು ಬಂತು. ಆಸ್ಪತ್ರೆ ಬಿಟ್ಟು ಇಡೀ ಊರು ಆರಿಹೋಗಬೇಕು. ಕಲ್ಲುಮರಡಿ ಇದಕ್ಕೆ ಊರುಗಳು ಹೊಂದಿಕೊಳ್ಳುವ ರೀತಿಯಲ್ಲೇ, ಎಂದರೆ ಬೈದುಕೊಂಡೇ, ಹೊಂದಿಕೊಂಡಿತು. ಲಗ್ನಪತ್ರಿಕೆಗಳ ಕೆಳಗೆ ‘ಕತ್ತಲಾದಲ್ಲಿ ಆರತಕ್ಷತೆ ಒಂದು ಗಂಟೆ ತಡ’ ಎಂದು ಅಚ್ಚಾಗತೊಡಗಿತು. ಅರ್ಧ ಗಡ್ಡ ಬೋಳಿಸಿಕೊಂಡವರು ಉಳಿದರ್ಧದೊಂದಿಗೆ ಕ್ಷೌರದಂಗಡಿಯ ಕಟ್ಟೆಯಲ್ಲಿ ಕೂತು ವಿಜ್ಞಾನದ ಬಗ್ಗೆ ಮಾತಾಡತೊಡಗಿದರು. ಈ ವರ್ಷದ ಮೊದಲ ಕತ್ತಲು ಹಿಂಬೆಳಕಿನಂತೆ ಕಂಡ, ಹಾಳಾದ ಒಂದು ಹಳೆಯ ಉಪಗ್ರಹದ ಮಿಂಚಿಗೆ ಖರ್ಚಾಯಿತು. ಎರಡನೆಯದರಲ್ಲಿ ಹತ್ತನೇ ನಿಮಿಷಕ್ಕೆ ಮೋಡ ಕವಿಯಿತು. ಮಾರುಕಟ್ಟೆಯಲ್ಲಿ ಸೊಪ್ಪಿನವರು ವಿನುತಾಳನ್ನು ಕಂಡರೆ ಬೆಲೆ ಹೇಳುವ ಮೊದಲು ‘ಇವತ್ತೇನೂ ಇಲ್ವಲ್ಲ?’ ಎಂದು ಕೇಳುತ್ತಿದ್ದರು. ಉಳಿದಿದ್ದದ್ದು ಒಂದೇ ಕತ್ತಲು.

ಅವಳು ಅರ್ಜಿ ತೆರೆದಳು. ಘಟನೆ ನಡೆದ ದಿನಾಂಕ ಎಂಬ ಕಡೆ ಇವತ್ತಿನ ತಾರೀಕು ಹಾಕುವಂತಿರಲಿಲ್ಲ. ಹೋದ ಸಲ ಹಾಗೆ ಹಾಕಿದ್ದಕ್ಕೆ, ‘ಸದರಿ ನಕ್ಷತ್ರವು ಸದರಿ ದಿನಾಂಕದಂದು ಸತ್ತಿರುವುದಿಲ್ಲವೆಂದು ತಿಳಿದುಬಂದಿದೆ’ ಎಂದು ಲೆಕ್ಕಪರಿಶೋಧಕರು ಆಕ್ಷೇಪ ಬರೆದಿದ್ದರು. ‘ಹಿಂದಿನ ಘಟನೆ’ ಒತ್ತಿದಳು. ಎಷ್ಟು ಹಿಂದಿನದು ಎಂದು ಕೇಳಿತು. ಅದನ್ನು ತಿಳಿಯಲೆಂದೇ ಈ ಅರ್ಜಿ ಎಂದು ಬರೆಯಲು ಜಾಗ ಇರಲಿಲ್ಲ. ಅಂದಾಜಿಗೆ ಒಂದು ಅಂಕಿ ಹಾಕಿದಳು. ‘ಅರ್ಜಿ ತಡವಾಗಿ ಸಲ್ಲಿಸಲು ಕಾರಣ’ ಎಂದಿತು. ‘ಬೆಳಕು ಈಗ ತಲುಪಿದೆ’ ಎಂದು ಬರೆದಳು. ಕನಿಷ್ಠ ಐವತ್ತು ಪದ ಬೇಕೆಂದಿತು. ವಿನುತಾ ಹಲ್ಲು ಕಚ್ಚಿ, ಬ್ರಹ್ಮಾಂಡದ ವಿಸ್ತಾರವನ್ನು ಐವತ್ತು ಪದಗಳಿಗೆ ಹಿಗ್ಗಿಸಿದಳು.

ಒಪ್ಪಿಗೆ ಕೊಡಬೇಕಾದವರು ಇಬ್ಬರು. ಒಬ್ಬರು ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಉಮಾಪತಿ. ಇನ್ನೊಬ್ಬರು ತಿಂಗಳಿಗೊಬ್ಬರಂತೆ ಚೀಟಿ ಎತ್ತಿ ಆರಿಸುವ ಸರದಿ ನಾಗರಿಕ. ಈ ತಿಂಗಳ ಚೀಟಿಯಲ್ಲಿ ಬಂದಿದ್ದ ಹೆಸರು ಶಾಂತವೀರಮ್ಮ.

“ಅತ್ತೆ, ನಿಮ್ಮ ಫೋನಿಗೆ ಒಂದು ಅರ್ಜಿ ಬಂದಿದೆ. ಹೆಬ್ಬೆಟ್ಟು ಒತ್ತಿ.”

“ಕೈಯೆಲ್ಲ ಕಡಲೆಹಿಟ್ಟು ಕಣವ್ವ.”

“ತೊಳ್ಕೊಂಡು ಒತ್ತಿ.”

“ಎಣ್ಣೆ ಕಾದೈತೆ. ಬಿಟ್ಟು ಹೋದೋಳು ನೀನು, ಈಗ ನನ್ನೂ ಬಿಡು ಅಂತೀಯ. ಯಾಕೆ, ದೀಪ ತೆಗೀತೀಯ?”

“ಒಂದು ಗಂಟೆ ಅಷ್ಟೇ.”

ಆ ಕಡೆ ಎಣ್ಣೆಯ ಚುರುಗುಟ್ಟುವಿಕೆ ಮಾತ್ರ ಕೇಳಿಸಿತು. ಇವತ್ತು ಮಗನ ಫೈನಲ್. ಹನ್ನೊಂದು ವರ್ಷದಲ್ಲಿ ಮೊದಲ ಸಲ ಊರಿನ ತಂಡವೇ ಫೈನಲಿಗೆ ಬಂದಿದೆ. ಮುದುಕಿ ಒಪ್ಪುವುದಿಲ್ಲವೆಂದು ವಿನುತಾ ಮನಸ್ಸಿನಲ್ಲೇ ಒಂದು ವಾದ ಹೆಣೆಯತೊಡಗಿದಳು.

“ಒತ್ತೀನಿ ಬಿಡು,” ಎಂದರು ಶಾಂತವೀರಮ್ಮ, ತೀರಾ ಸಾಧುವಾಗಿ. “ನಿಂದೂ ಒಂದು ಕೆಲಸ ಆಗ್ಲಿ ಪಾಪ.”

ಎಣ್ಣೆಗೈಯ ಹೆಬ್ಬೆಟ್ಟನ್ನು ಫೋನು ಮೂರು ಸಲ ತಿರಸ್ಕರಿಸಿತು. ಸೋಪು ಹಾಕಿ ತೊಳೆದ ಮೇಲೆ ಒಪ್ಪಿತು. ಮುಖ್ಯಾಧಿಕಾರಿಯ ಒಪ್ಪಿಗೆ ಕೇಳಿದ ಅರ್ಧ ನಿಮಿಷಕ್ಕೇ ಬಂತು. ಇಷ್ಟು ಸಲೀಸಾಗಿ ಯಾವುದೂ ಆಗುವುದಿಲ್ಲ ಎಂಬ ಅನುಮಾನ ವಿನುತಾಳಿಗೆ ಆಗಲೇ ಬರಬೇಕಿತ್ತು. ಬರಲಿಲ್ಲ. ಏಳು ಮೂವತ್ತನಾಲ್ಕಕ್ಕೆ ಗುಂಡಿ ಒತ್ತಿದಳು.

ಊರು ಬೀದಿ ಬೀದಿಯಾಗಿ ಆರಿತು. ಬಸ್‌ಸ್ಟ್ಯಾಂಡ್, ಪೇಟೆ ಬೀದಿ, ಎ.ಪಿ.ಎಂ.ಸಿ. ಎಲ್ಲ. ವಿನುತಾ ಕಿಟಕಿ ತೆರೆದು ಹೊರಗೆ ಬಾಗಿದಳು. ಕತ್ತಲೆಯ ನಟ್ಟನಡುವೆ ಹೈಸ್ಕೂಲಿನ ಮೈದಾನ ಬೆಳ್ಳಗೆ ಉರಿಯುತ್ತಿತ್ತು. ಎಂಟು ಕಂಬ, ಕಂಬಕ್ಕೆ ಆರು ದೀಪ. ಅದರ ಮೇಲೆ ಎದ್ದ ಧೂಳು ಹೊಳೆಯುವ ಗೋಪುರದಂತೆ ನಿಂತಿತ್ತು. ಆ ಗೋಪುರದ ತುದಿಯಲ್ಲೇ ಅವಳ ಚುಕ್ಕೆ.

“ಜನರೇಟರ್,” ಎಂದರು ಖಲಂದರ್ ಸಾಬರು.

ಹೋದ ವರ್ಷ ಸೆಮಿಫೈನಲಿನ ನಡುವೆ ಕತ್ತಲು ಬಿದ್ದಿತ್ತು. ಮರುಳಸಿದ್ದೇಶ ಮೂರು ದಿನ ಹೆಂಡತಿಯೊಡನೆ ಸರಿಯಾಗಿ ಮಾತಾಡಿರಲಿಲ್ಲ. ನಾಲ್ಕನೆಯ ದಿನದಿಂದ ಮಾತಾಡಿದ. ಆತ ಒಂದು ನಿರ್ಧಾರಕ್ಕೆ ಬಂದಿದ್ದನೆಂದು ಅವಳಿಗೆ ಈಗ ಹೊಳೆಯಿತು. ಕಾಯ್ದೆ ಬರೆದವರು ಜಾಲಕ್ಕೆ ಸೇರಿದ ದೀಪಗಳ ಬಗ್ಗೆ ನಲವತ್ತು ಪುಟ ಬರೆದಿದ್ದರು. ಮದುವೆ, ಜಾತ್ರೆ, ಸಭೆ, ಸಮಾರಂಭಗಳೆಲ್ಲ ಜನರೇಟರಿನ ಮೇಲೆಯೇ ನಡೆಯುವ ದೇಶದಲ್ಲಿ ಜನರೇಟರ್ ಎಂಬ ಪದವನ್ನು ಬರೆಯಲು ಮರೆತಿದ್ದರು. ಮೈದಾನಕ್ಕೆ ಜನರೇಟರ್ ಬಂದದ್ದು ಅತ್ತೆಗೆ ಗೊತ್ತಿತ್ತು. ಮುಖ್ಯಾಧಿಕಾರಿಗೂ ಗೊತ್ತಿತ್ತು, ಆತ ಅದೇ ಬೆಳಕಿನ ಕೆಳಗೆ ಮುಖ್ಯ ಅತಿಥಿಯಾಗಿ ಕೂತು ಒಪ್ಪಿಗೆ ಒತ್ತಿದ್ದ. ಇದರ ಮೇಲೆ ಕತ್ತಲಾದ ಊರಿನ ಜನ ಬೇರೆ ಕೆಲಸವಿಲ್ಲದೆ ಮೈದಾನದ ಕಡೆಗೇ ಹೊರಟಿದ್ದರು. ಬೈಕುಗಳ ಹೆಡ್‌ಲೈಟುಗಳು ಎಲ್ಲ ದಿಕ್ಕಿನಿಂದಲೂ ಅಲ್ಲಿಗೇ ಹರಿಯುತ್ತಿದ್ದವು.

ಅವಳು ಗಂಡನಿಗೆ ಫೋನು ಮಾಡಿದಳು.

“ರೀ, ಜನರೇಟರ್ ಆಫ್ ಮಾಡಿಸಿ.”

“ಏನು? ಜೋರಾಗಿ ಹೇಳು, ಇಲ್ಲಿ ಗಲಾಟೆ.”

“ಲೈಟ್ ತೆಗೆಸಿ. ಇಪ್ಪತ್ತು ನಿಮಿಷ ಸಾಕು.”

“ವಿನು, ಐದನೇ ಸೆಟ್ಟು. ಹದಿಮೂರು ಹದಿಮೂರು. ಇನ್ನೆರಡು ಪಾಯಿಂಟ್ ಕಣೇ. ಎರಡು ನಿಮಿಷ.”

ಎರಡು ನಿಮಿಷ ಎಂದರೆ ಎರಡು ನಿಮಿಷ ತಾನೇ ಎಂದು ಅವಳು ಕಾದಳು. ವಾಲಿಬಾಲಿನಲ್ಲಿ ಐದನೇ ಸೆಟ್ಟು ಹದಿನೈದಕ್ಕೆ ಮುಗಿಯುತ್ತದೆ. ಆದರೆ ಗೆಲ್ಲುವವರು ಎರಡು ಪಾಯಿಂಟ್ ಮುಂದಿರಬೇಕು; ಇಲ್ಲದಿದ್ದರೆ ಆಟ ಮುಂದುವರಿಯುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ನಿಯಮದಲ್ಲಿ ಮಿತಿ ಇಲ್ಲ. ಹದಿನಾಲ್ಕು ಹದಿನಾಲ್ಕಾಯಿತು. ಹದಿನೈದು ಹದಿನೈದಾಯಿತು. ಪ್ರತಿ ಪಾಯಿಂಟಿಗೆ ಮೈದಾನದಿಂದ ಎದ್ದ ಕೂಗು ಗುಡ್ಡದ ಮೇಲಿನ ಕಿಟಕಿಗೂ ಬಂದು ತಾಗುತ್ತಿತ್ತು. ಖಲಂದರ್ ಸಾಬರು ಎರಡೆರಡು ನಿಮಿಷಕ್ಕೊಂದು ಚಿತ್ರ ತೆಗೆದು ಚುಕ್ಕೆಯ ಬೆಳಕನ್ನು ಅಳೆದು ಹೇಳುತ್ತಿದ್ದರು. ನೂರಿದ್ದದ್ದು ಐವತ್ತು. ಐವತ್ತಿದ್ದದ್ದು ನಲವತ್ತು.

ಏಳು ಐವತ್ತೊಂದಕ್ಕೆ ಮತ್ತೆ ಮಾಡಿದಳು.

“ಹದಿನೆಂಟು ಹದಿನೆಂಟು,” ಎಂದ ಆತ ಹಲೋ ಕೂಡ ಅನ್ನದೆ. “ನಮ್ಮ ಲಿಬರೋ ಹುಡುಗನ ಕಾಲು ಉಳುಕಿದೆ. ರೆಫರಿ ಒಂದು ಟಚ್ ನೋಡಲೇ ಇಲ್ಲ. ನನ್ನ ಕಷ್ಟ ನನಗೆ.”

“ನಿಮ್ಮ ಆಟ ಆಮೇಲೆ ಆಡಬಹುದಲ್ಲ?”

“ಮೈ ತಣ್ಣಗಾದರೆ ನಮ್ಮ ಹುಡುಗರು ಏಳಲ್ಲ ವಿನು. ಮಾಳೇನಹಳ್ಳಿಯವರದು ಎತ್ತಿನಂಥ ಮೈ, ನಮ್ಮವರು ಬರೀ ಕಾವಿನ ಮೇಲೆ ನಿಂತಿದ್ದಾರೆ. ಹನ್ನೊಂದು ವರ್ಷ ಆಯ್ತು ನಾನು ಬೇರೆ ಊರಿನೋರಿಗೆ ಕಪ್ ಕೊಟ್ಟು ಕೊಟ್ಟು.” ಧ್ವನಿ ತಗ್ಗಿತು. “ಎರಡೇ ಪಾಯಿಂಟ್.”

ಅವಳು ಫೋನು ಮೇಜಿನ ಮೇಲೆ ಕುಕ್ಕಿದಳು. ಪೊಲೀಸರಿಗೆ ಹೇಳುವುದೇ? ಇಡೀ ಠಾಣೆ ಮೈದಾನದಲ್ಲಿ ಬಂದೋಬಸ್ತಿನಲ್ಲಿತ್ತು. ಸ್ವತಃ ಹೋಗುವುದೇ? ಹನ್ನೆರಡು ನಿಮಿಷದ ದಾರಿ. ಹೋದರೂ ಡೀಸೆಲ್ ಯಂತ್ರ ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ. ನೂರಾರು ಕೋಟಿ ವರ್ಷ ಆಚೆಯಿಂದ ಬರುವ ಬೆಳಕನ್ನು ಗೆರೆ ಗೆರೆಯಾಗಿ ಬಿಡಿಸಬಲ್ಲವಳಿಗೆ ಈ ವಿದ್ಯೆ ಯಾರೂ ಕಲಿಸಿರಲಿಲ್ಲ.

“ಮೂವತ್ತೊಂದು,” ಎಂದರು ಖಲಂದರ್ ಸಾಬರು. “ಎಂಟು ಗಂಟೆ.”

ಮೂರನೆಯ ಸಲ ಮಾಡಿದಾಗ ಅವಳ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಅದನ್ನು ಇಟ್ಟುಕೊಳ್ಳಲು ಸಮಯ ಇರಲಿಲ್ಲ.

“ಎಷ್ಟಾಗಿದೆ?”

“ಇಪ್ಪತ್ತೆರಡು ಇಪ್ಪತ್ತೆರಡು.”

“ನಾನು ಮೊದಲು ಫೋನ್ ಮಾಡಿದಾಗ ಸಮ ಇತ್ತು. ಈಗಲೂ ಸಮ ಇದೆ. ನಿಮ್ಮ ಆಟ ಎಲ್ಲಿತ್ತೋ ಅಲ್ಲೇ ಇದೆ ರೀ. ನಂದು ಅಲ್ಲಿಲ್ಲ. ಪ್ರತಿ ಪಾಯಿಂಟಿಗೂ ಸೋಲ್ತಿರೋದು ನಾನೊಬ್ಬಳೇ. ಐದು ನಿಮಿಷ ಆದ್ಮೇಲೆ ಸೋಲೋಕೂ ಏನೂ ಉಳಿಯಲ್ಲ.”

ಆ ಕಡೆ ಜನ ಕೂಗುತ್ತಿದ್ದರು. ಆತ “ಇರು” ಎಂದ. ಫೋನನ್ನು ಅಂಗಿಯ ಜೇಬಿಗೆ ಇಳಿಸಿದ ಸದ್ದಾಯಿತು. ಬಟ್ಟೆಯ ಸರಬರ, ದಾಪುಗಾಲಿನ ಸದ್ದು. ಯಾರೋ “ಮೇಷ್ಟ್ರೇ, ಎಲ್ಲಿಗೆ? ಸರ್ವಿಸ್ ನಮ್ದು” ಎಂದರು. ಡೀಸೆಲ್ ಯಂತ್ರದ ಗಡಗಡ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಎರಡು ಸಲ ಕೆಮ್ಮಿತು, ನಿಂತಿತು.

ಕಿಟಕಿಯಾಚೆ ಬೆಳಕಿನ ಗೋಪುರ ಕುಸಿಯಿತು. ಎರಡು ಸಾವಿರ ಜನ ಒಟ್ಟಿಗೆ ಒಂದೇ ಬೈಗುಳ ಬೈದದ್ದು ಮೊದಲು ಫೋನಿನಲ್ಲಿ, ಆಮೇಲೆ ಕಿಟಕಿಯಲ್ಲಿ ಕೇಳಿಸಿತು.

“ಶುರು,” ಎಂದರು ಖಲಂದರ್ ಸಾಬರು. ಎಂಟು ಗಂಟೆ ನಾಲ್ಕು ನಿಮಿಷ.

ಇನ್ನು ಇಪ್ಪತ್ತು ನಿಮಿಷ ಯಾರೂ ಏನೂ ಮಾಡುವಂತಿರಲಿಲ್ಲ. ವಿನುತಾ ಫೋನನ್ನು ಮೇಜಿನ ಮೇಲಿಟ್ಟು, ಗಂಡನ ಜೇಬಿನೊಳಗಿಂದ ಬರುತ್ತಿದ್ದ ಲೋಕವನ್ನು ಕೇಳುತ್ತ ಕೂತಳು. ಮೊದಲು ಮೇಷ್ಟ್ರಿಗೆ ಏನಾಗಿದೆ ಎಂಬ ಪ್ರಶ್ನೆ ಬಂತು. ಆಮೇಲೆ ಮೇಷ್ಟ್ರ ಹೆಂಡತಿಗೆ ಏನಾಗಿದೆ ಎಂಬ ಪ್ರಶ್ನೆ. ಊರ ತಂಡದ ಕ್ಯಾಪ್ಟನ್ “ಸರ್, ನೀವೇ ಹಿಂಗೆ ಮಾಡಿದ್ರೆ” ಎಂದ. ಮೊಬೈಲ್ ಟಾರ್ಚುಗಳು ಹೊತ್ತಿಕೊಂಡಿರಬೇಕು, ಮರುಳಸಿದ್ದೇಶ ಕವಾಯತಿನ ಗಂಟಲಲ್ಲಿ “ಟಾರ್ಚ್ ಆರಿಸ್ರೋ, ನೆಲಕ್ಕೆ ಕೂರ್ರೋ ಎಲ್ಲ” ಎಂದು ಗುಡುಗಿದ. ಆ ಊರಿನ ನಲವತ್ತರ ಒಳಗಿನ ಗಂಡಸರೆಲ್ಲ ಆ ದನಿಗೆ ಸಾಲು ನಿಂತವರೇ. ಕೂತರು.

ಆಮೇಲೆ ಆತ ವಿವರಿಸತೊಡಗಿದ. ಮೈಕಿಗೆ ವಿದ್ಯುತ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಕ್ಷತ್ರವೊಂದು ಸತ್ತಿದೆ ಎಂದ. ಅದು ಸೂರ್ಯನಿಗಿಂತ ಸಾವಿರ ಪಟ್ಟು ದೊಡ್ಡದು ಎಂದ.

“ಸಾವಿರ ಅಲ್ಲ,” ಎಂದಳು ವಿನುತಾ. “ಎಲ್ಲಿ ಓದಿದ್ರೋ.”

ಅದು ಹಾಲುಹಾದಿಯ ಆ ದಂಡೆಯಲ್ಲಿದೆ ಎಂದ.

“ಹಾಲುಹಾದಿಗೂ ಇದಕ್ಕೂ ಸಂಬಂಧವೇ ಇಲ್ಲ ಸಾಬ್ರೇ. ಇಪ್ಪತ್ತು ವರ್ಷ ಮದುವೆಯಾಗಿ ಇದು ತಲೆಗೆ ಹೋಗಿಲ್ಲ ಅಂದ್ರೆ.”

ಖಲಂದರ್ ಸಾಬರು ತೆರೆಯಿಂದ ಕಣ್ಣು ತೆಗೆಯಲಿಲ್ಲ. “ಜನ ಕೂತವ್ರೆ ಮೇಡಂ,” ಎಂದರು.

ಅದರ ಬೆಳಕು ಭೂಮಿ ಹುಟ್ಟುವುದಕ್ಕೆ ಮೊದಲೇ ಹೊರಟದ್ದು ಎಂದ ಆತ. ಇದೊಂದು ಸರಿ ಇರುವ ಸಾಧ್ಯತೆ ಇತ್ತು. ಕತ್ತಲೆಯಲ್ಲಿ ದೂರದಿಂದ ಒಂದು ಗಂಟಲು ಎದ್ದಿತು.

“ಅಲ್ಲ ಮೇಷ್ಟ್ರೇ, ಅಷ್ಟು ಕೋಟಿ ವರ್ಷ ಕಾದಿದ್ದಕ್ಕೆ ಇನ್ನೆರಡು ಪಾಯಿಂಟ್ ಕಾಯೋಕೆ ಆಗ್ಲಿಲ್ವಂತಾ?”

ಇಡೀ ಮೈದಾನ ನಕ್ಕಿತು. ವಿನುತಾ ಕಣ್ಣು ಮುಚ್ಚಿಕೊಂಡಳು. ಇದಕ್ಕೆ ಉತ್ತರ ಅವಳ ಬಳಿ ಇತ್ತು, ಎರಡು ಸಮೀಕರಣಗಳ ರೂಪದಲ್ಲಿ.

“ಅದು ಕಾದಿಲ್ಲ ಕಣೋ,” ಎಂದ ಮರುಳಸಿದ್ದೇಶ. “ಒಂದ್ ಗಳಿಗೆ ನಿಂತಿಲ್ಲ. ಅಲ್ಲಿಂದ ಇಲ್ಲಿತನಕ ಓಡ್ಕೊಂಡೇ ಬಂದಿದೆ. ಅಷ್ಟು ದೂರದಿಂದ ಓಡಿ ಬಂದೋರು ನಮ್ಮೂರ ಬಾಗಿಲಿಗೆ ಬಂದಾಗ ಮುಖಕ್ಕೆ ಟಾರ್ಚ್ ಬಿಟ್ಟು ನಿಲ್ಲಿಸಿದ್ರೆ ಚೆನ್ನಾಗಿರ್ತದಾ? ನೀನೇ ಹೇಳು.”

ನಿಯಂತ್ರಣ ಕೊಠಡಿಯಲ್ಲಿ ವಿನುತಾ ಅದರಲ್ಲಿ ತಿದ್ದುವುದಕ್ಕೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

ಎಂಟು ಇಪ್ಪತ್ತನಾಲ್ಕಕ್ಕೆ ತೆರೆಯ ಮೇಲೆ ಪಟ್ಟೆ ಮೂಡಿತು. ಮಂಕಾಗಿತ್ತು, ಹರಳು ಹರಳಾಗಿತ್ತು, ಆದರೆ ಇತ್ತು. ಕೆಂಪಿನ ಕಡೆ ಒತ್ತೊತ್ತಾಗಿ ಎರಡು ಕಪ್ಪು ಗೆರೆ. ಮೆಗ್ನೀಸಿಯಂ ಹಾಗೆ ಜೋಡಿಯಾಗಿಯೇ ಬೀಳುತ್ತದೆ. ಬೇರೆ ಯಾವುದೂ ಅಷ್ಟೇ ಅಂತರದಲ್ಲಿ ಬೀಳುವುದಿಲ್ಲ. ಅದು ಬೀಳಬೇಕಾಗಿದ್ದ ಜಾಗದಿಂದ ಎಷ್ಟು ಸರಿದಿದೆಯೆಂದು ಅವಳು ಎರಡು ಸಲ ಅಳೆದಳು. ಮೂರನೆಯ ಸಲ ಖಲಂದರ್ ಸಾಬರು ಅಳೆದರು. ಎಂಟುನೂರ ಅರವತ್ತು ಕೋಟಿ ವರ್ಷ. ಬೆನ್ನಟ್ಟಿದ್ದರಲ್ಲಿ ಹದಿನೇಳನೆಯದು, ಅಳೆದದ್ದರಲ್ಲಿ ಮೊದಲನೆಯದು. ವಿನುತಾ ಕುರ್ಚಿಗೆ ಒರಗಿ, ಕೈಗೆ ಇನ್ನೂ ಅಂಟಿದ್ದ ಕಡಲೆಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದಳು.

ಆಮೇಲೆ ಫೋನೆತ್ತಿ, “ರೀ, ಆಯ್ತು. ಸಿಕ್ತು. ಲೈಟ್ ಹಾಕಿಸಿ” ಎಂದಳು.

ಉತ್ತರ ಬರಲಿಲ್ಲ. ಜೇಬಿನೊಳಗಿನ ಫೋನಿಗೆ ಹೊರಗಿನದೆಲ್ಲ ಕೇಳಿಸುತ್ತಿತ್ತು. ಅದರೊಳಗಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಹೊರಗೆ ಮರುಳಸಿದ್ದೇಶ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ. ಸೂರ್ಯನೂ ಹೀಗೆ ಸಾಯುತ್ತಾನೆಯೇ ಎಂದು ಮಾಳೇನಹಳ್ಳಿ ತಂಡದ ಒಬ್ಬ ಕೇಳಿದ. ಸಾಯುತ್ತಾನೆ ಎಂದ ಮೇಷ್ಟ್ರು ಧೈರ್ಯವಾಗಿ.

“ಹಾಗೆ ಸಾಯಲ್ಲ,” ಎಂದು ವಿನುತಾ ಫೋನಿಗೆ ಕಿರುಚಿದಳು. “ಅಷ್ಟು ತೂಕ ಇಲ್ಲ ಅದಕ್ಕೆ. ರೀ, ಲೈಟ್ ಹಾಕಿ, ನಿಮ್ಮ ಹುಡುಗರ ಮೈ ತಣ್ಣಗಾಗ್ತಿದೆ. ಕೇಳಿಸ್ತಿದೆಯಾ? ಆಟ ಆಡ್ಸಿ.”

ಕೇಳಿಸಲಿಲ್ಲ. ಕರೆ ಕತ್ತರಿಸಿ ಮತ್ತೆ ಮಾಡಿದಳು; ಎತ್ತಲಿಲ್ಲ. ಖಲಂದರ್ ಸಾಬರು ಗಡಿಯಾರ ನೋಡಿದರು. ಊರಿನ ದೀಪ ಬರಲು ಇನ್ನು ಐದು ನಿಮಿಷವಿತ್ತು. ಹೊರಗೆ ಆಕಾಶ ಇಪ್ಪತ್ತೆಂಟು ವರ್ಷದಲ್ಲಿ ಅವರು ಕಂಡಿರದಷ್ಟು ಕಪ್ಪಾಗಿತ್ತು.

“ಇನ್ನೊಂದು ಚಿತ್ರ ಹೊಡೆಯಲಾ ಮೇಡಂ?”

ಕಿಟಕಿ ತೆರೆದೇ ಇತ್ತು. ಗಾಳಿ ಊರಿನ ಕಡೆಯಿಂದ ಬೀಸುತ್ತಿತ್ತು. ಮೈದಾನದಿಂದ ಮೇಷ್ಟ್ರ ಆ ದನಿ ಫೋನಿನ ಸಹಾಯವಿಲ್ಲದೆಯೇ ಗುಡ್ಡ ಹತ್ತಿ ಬರುತ್ತಿತ್ತು. ವಿನುತಾ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ಹೊಡೀರಿ,” ಎಂದಳು. “ಗುರುತ್ವಾಕರ್ಷಣೆ ಶುರು ಮಾಡಿದ್ದಾರೆ. ಐದು ನಿಮಿಷಕ್ಕೆ ಮುಗಿಯೋದಲ್ಲ ಅದು.”